ಸ್ಪ್ಯಾನರ್ ನಮ್ಮ ಕೈಗೆ, ಸ್ಕ್ಯಾನರ್ ಅವರ ಕೈಗೆ: ಇದು ಯಾವ ನ್ಯಾಯ?



ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಕಾರಿನ ಇಂಜಿನ್ ಬಗ್ಗೆ ಬರೀತಿದ್ದೀನಿ. "ಒಳಮೀಸಲಾತಿ, ಪಿಟಿಸಿಎಲ್ ಜಮೀನು, ಹಾಸ್ಟೆಲ್ ಊಟ ಎಲ್ಲಾ ಬಿಟ್ಟು ಇವನ್ಯಾಕೆ ಗ್ಯಾರೇಜಿಗೆ ಹೋದ" ಅಂತ ಕೇಳೋರು ಪೂರ್ತಿ ಓದಿ ಆಮೇಲೆ ಕೇಳಿ.

ನಿಮ್ಮೂರಿನ ಯಾವುದಾದರೂ ಗ್ಯಾರೇಜಿಗೆ ಹೋಗಿ ನೋಡಿ. ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿರೋನು ಯಾರು? ಸುಟ್ಟ ಆಯಿಲ್ಲು ಮೈಮೇಲೆ ಸುರಿಸಿಕೊಳ್ಳೋನು ಯಾರು? ನಮ್ಮ ಕೇರಿ ಹುಡುಗರು, ಮುಸ್ಲಿಮರ ಹುಡುಗರು, ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ಮನೇಲಿ ಕೂಳಿಗೆ ಭಾರ ಆಗಬಾರದು ಅಂತ ಬಂದೋರು. ಈಗ ಎಸಿ ಹಾಕಿದ ದೊಡ್ಡ ಸರ್ವಿಸ್ ಸೆಂಟರಿಗೆ ಹೋಗಿ. ಅಲ್ಲೂ ಕೆಳಗೆ ಮಲಗಿರೋರು ಇವರೇ. ಆದರೆ ಅಲ್ಲಿ ಇನ್ನೊಬ್ಬ ಇರ್ತಾನೆ. ಇಸ್ತ್ರಿ ಮಾಡಿದ ಶರ್ಟು, ಕುತ್ತಿಗೆಗೆ ಐಡಿ ಕಾರ್ಡು, ಕೈಯಲ್ಲಿ ಲ್ಯಾಪ್‌ಟಾಪು. ಕಾರಿಗೆ ಏನು ರೋಗ ಅಂತ ತೀರ್ಮಾನ ಮಾಡೋನು ಅವನು. ಅವನು ಹೇಳಿದ ಪಾರ್ಟನ್ನ ಬಿಚ್ಚೋನು, ಕಟ್ಟೋನು ನಮ್ಮ ಹುಡುಗ. ಬಿಲ್ಲಿನ ಮೇಲೆ ಸಹಿ ಅವನದು, ಉಗುರಿನ ಸಂದಿಯ ಕರಿ ಇವನದು.

ಜಾತಿ ಅಂದ್ರೆ ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸ ಮಾಡೋ ಜನರನ್ನೇ ಮೇಲೆ ಕೆಳಗೆ ಅಂತ ಒಡೆದು ಇಡೋ ವ್ಯವಸ್ಥೆ ಅಂತ ಬಾಬಾಸಾಹೇಬರು ಬಹಳ ಹಿಂದೆಯೇ ತೋರಿಸಿಕೊಟ್ಟರು. ಅದನ್ನ ನಾವು ಊರ ದೇವಸ್ಥಾನದಲ್ಲಿ, ಹೋಟೆಲ್ ಲೋಟದಲ್ಲಿ ಗುರುತಿಸೋದು ಕಲಿತಿದ್ದೀವಿ. ಗ್ಯಾರೇಜಲ್ಲಿ ಗುರುತಿಸೋದು ಕಲಿತಿಲ್ಲ.

ಆ ಲ್ಯಾಪ್‌ಟಾಪಲ್ಲಿ ಇರೋದಾದರೂ ಏನು ಅಂತ ಹೇಳ್ತೀನಿ, ಕೇಳಿ.

ಈಗಿನ ಕಾರಲ್ಲಿ ಇಸಿಯು ಅಂತ ಒಂದು ಸಣ್ಣ ಕಂಪ್ಯೂಟರ್ ಇದೆ. ಇಂಜಿನ್ ಎಷ್ಟು ಸುತ್ತು ತಿರುಗ್ತಿದೆ, ಕೂಲೆಂಟ್ ನೀರು ಎಷ್ಟು ಬಿಸಿ, ಸೈಲೆನ್ಸರಿಗೆ ಹೋಗೋ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಸೆನ್ಸರ್‌ಗಳು ಅದಕ್ಕೆ ವರದಿ ಕೊಡ್ತಾನೇ ಇರ್ತವೆ. ಏನಾದರೂ ಅಳತೆ ತಪ್ಪಿದರೆ ಅದು ಒಂದು ಕೋಡ್ ಬರೆದಿಟ್ಟುಕೊಳ್ಳುತ್ತೆ. ಆಗ ಡ್ಯಾಶ್‌ಬೋರ್ಡಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತುತ್ತೆ. ಸ್ಟೇರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತೆ. ಅದೇ ಓಬಿಡಿ ಪೋರ್ಟ್. ಅದಕ್ಕೆ ರೀಡರ್ ಸಿಕ್ಕಿಸಿ ಲ್ಯಾಪ್‌ಟಾಪಿಗೋ ಮೊಬೈಲಿಗೋ ಕೂಡಿಸಿದರೆ ಇಸಿಯು ಬರೆದಿಟ್ಟದ್ದನ್ನ ಓದಬಹುದು. ಇಷ್ಟೇ.

ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ. ನನಗೆ ಇದು ಕಡತದ ಹಾಗೇ ಕಾಣುತ್ತೆ. ಪೆಂಡಿಂಗ್ ಕೋಡ್ ಅಂದ್ರೆ ಅರ್ಜಿ ಬಂದಿದೆ, ಇನ್ನೂ ಕಡತ ಹುಟ್ಟಿಲ್ಲ. ಸ್ಟೋರ್ಡ್ ಕೋಡ್ ಅಂದ್ರೆ ಕಡತ ನಂಬರ್ ಬಿದ್ದಿದೆ. ಫ್ರೀಜ್ ಫ್ರೇಮ್ ಅಂದ್ರೆ ಸ್ಥಳ ಮಹಜರು: ತೊಂದರೆ ಆದ ಗಳಿಗೆಯಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಭಾರ ಎಳೀತಿತ್ತು ಅಂತ ಬರೆದಿಟ್ಟದ್ದು. ಕೋಡ್ ನಂಬರಿಗೂ ಒಂದು ಕ್ರಮ ಇದೆ. ಮೊದಲ ಅಕ್ಷರ ಪಿ ಆದರೆ ಇಂಜಿನ್ ಮತ್ತು ಗೇರು, ಬಿ ಆದರೆ ಬಾಡಿ, ಸಿ ಆದರೆ ಚಾಸಿ, ಯು ಆದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಪಿ ಆದಮೇಲೆ ಸೊನ್ನೆ ಬಂದರೆ ಅದು ಎಲ್ಲಾ ಕಂಪನಿಗೂ ಒಂದೇ ಅರ್ಥದ ಕೋಡ್. ಒಂದು ಬಂದರೆ ಆ ಕಂಪನಿಯದ್ದೇ ಕೋಡ್. ಪಿ0302 ಅಂದ್ರೆ ಎರಡನೇ ಸಿಲಿಂಡರಲ್ಲಿ ಸರಿಯಾಗಿ ಬೆಂಕಿ ಹತ್ತುತ್ತಿಲ್ಲ. ಜಗತ್ತಿನ ಯಾವ ಮೂಲೆಯಲ್ಲೂ ಅದಕ್ಕೆ ಅರ್ಥ ಅದೇ.

ಒಳಗಿನ ಲೆಕ್ಕವೂ ಹೈಸ್ಕೂಲ್ ಲೆಕ್ಕವೇ. ಇಂಜಿನ್ ಸುತ್ತು ಕೇಳಿದರೆ ಇಸಿಯು ಎರಡು ಸಂಖ್ಯೆ ಕೊಡುತ್ತೆ. ಮೊದಲನೇದನ್ನ 256ರಿಂದ ಗುಣಿಸಿ, ಎರಡನೇದನ್ನ ಕೂಡಿಸಿ, ನಾಲ್ಕರಿಂದ ಭಾಗಿಸಿ. 12 ಮತ್ತು 128 ಬಂದರೆ 3200, ಭಾಗ 4, ಅಂದ್ರೆ ನಿಮಿಷಕ್ಕೆ 800 ಸುತ್ತು. ಕೂಲೆಂಟ್ ಬಿಸಿಗೆ ಒಂದೇ ಸಂಖ್ಯೆ ಬರುತ್ತೆ, ಅದರಲ್ಲಿ 40 ಕಳೀಬೇಕು. 130 ಬಂದರೆ 90 ಡಿಗ್ರಿ. ಈ ಲೆಕ್ಕವನ್ನೂ ಮೊಬೈಲ್ ಆ್ಯಪೇ ಮಾಡಿಕೊಡುತ್ತೆ. ಇದನ್ನ ಬ್ರಹ್ಮವಿದ್ಯೆ ಮಾಡಿಟ್ಟೋರು ಯಾರು ಸ್ವಾಮಿ?

ನಮ್ಮ ಬಾಮೈದ ಟ್ಯಾಕ್ಸಿ ಓಡಿಸ್ತಾನೆ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು, ತಿಂಗಳು ತಿಂಗಳು ಇಎಂಐ. ಹೋದ ವರ್ಷ ಗಾಡಿ ನಡುಗೋಕೆ ಶುರು ಆಯ್ತು, ಹಳದಿ ದೀಪ ಮಿಟುಕಿತು. ಅಧಿಕೃತ ಸರ್ವಿಸ್ ಸೆಂಟರ್ ಒಂದಕ್ಕೆ ಹೋದ. ಸ್ಕ್ಯಾನ್ ಮಾಡಿದ್ದಕ್ಕೇ 900 ರೂಪಾಯಿ. "ಇಸಿಯು ಹೋಗಿದೆ, ಇಂಜೆಕ್ಟರ್ ಸೆಟ್ಟೂ ಬದಲಾಯಿಸಬೇಕು, 46 ಸಾವಿರ ಆಗುತ್ತೆ" ಅಂದರು. ಇವನು ಏನು ಕೋಡ್ ಬಂದಿದೆ ಸಾರ್, ಬರೆದುಕೊಡಿ ಅಂದಿದ್ದಾನೆ. "ಅದೆಲ್ಲಾ ಕಸ್ಟಮರಿಗೆ ಕೊಡಲ್ಲ. ಕೊಟ್ಟರೂ ನಿಮಗೆ ಅರ್ಥ ಆಗಲ್ಲ" ಅಂತ ಉತ್ತರ.

ಈ ಮಾತು ನಮಗೆ ಹೊಸದಲ್ಲ. ಪಹಣಿಯಲ್ಲಿ ಏನು ಬರೆದಿದೆ ಬುದ್ಧಿ ಅಂತ ನಮ್ಮ ತಾತ ಕೈಮುಗಿದು ಕೇಳಿದಾಗ ಶಾನುಭೋಗರು ಹೇಳಿದ್ದೂ ಇದೇ. "ನಿನಗೇನೋ ಅರ್ಥ ಆಗುತ್ತೆ, ಇಲ್ಲಿ ಒತ್ತು." ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಂಡ ಮನೆಗಳು ನಮ್ಮ ಕೇರಿಯಲ್ಲಿ ಎಷ್ಟಿವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಗಾಡಿ, ನನ್ನ ಸಾಲ, ನಾನೇ ದುಡ್ಡು ಕೊಟ್ಟು ಮಾಡಿಸಿದ ಸ್ಕ್ಯಾನು. ಅದರ ಫಲಿತಾಂಶ ಮಾತ್ರ ನನಗೆ ಇಲ್ಲ. ರಕ್ತ ಪರೀಕ್ಷೆಗೆ ದುಡ್ಡು ಈಸ್ಕೊಂಡು ರಿಪೋರ್ಟ್ ಕೊಡದೇ ಇರೋ ಲ್ಯಾಬನ್ನ ಒಪ್ತೀರಾ?

ಬಾಮೈದ ಗಾಡಿ ವಾಪಸ್ ತಂದ. ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಲ್ಲಿ ಕೆಲಸ ಮಾಡೋ ನಮ್ಮ ಬೀದಿ ಹುಡುಗನ ಹತ್ತಿರ 1,100 ರೂಪಾಯಿಯ ಬ್ಲೂಟೂತ್ ರೀಡರ್ ಇತ್ತು. ಸಿಕ್ಕಿಸಿ ನೋಡಿದ. ಪಿ0302. ಆ ಕಾರಲ್ಲಿ ಸಿಲಿಂಡರಿಗೊಂದು ಇಗ್ನಿಷನ್ ಕಾಯಿಲ್ ಇದೆ. ಎರಡನೇದರ ಕಾಯಿಲ್ ತೆಗೆದು ಮೂರನೇದಕ್ಕೆ, ಮೂರನೇದನ್ನ ಎರಡನೇದಕ್ಕೆ ಹಾಕಿದ. ಕೋಡ್ ಅಳಿಸಿ ಒಂದು ಸುತ್ತು ಓಡಿಸಿ ಮತ್ತೆ ಓದಿದ. ಈಗ ಪಿ0303. ಅಂದ್ರೆ ತೊಂದರೆ ಕಾಯಿಲ್ ಜೊತೆಗೇ ನಡೆದುಕೊಂಡು ಬಂತು. ಇಸಿಯು ಸರಿ ಇದೆ, ಇಂಜೆಕ್ಟರ್ ಸರಿ ಇದೆ, ಕೆಟ್ಟಿರೋದು ಒಂದು ಕಾಯಿಲ್. ಹೊಸದಕ್ಕೆ 2,600 ರೂಪಾಯಿ. 46 ಸಾವಿರ ಎಲ್ಲಿ, 2,600 ಎಲ್ಲಿ!

ಆ ಹುಡುಗ ಎಸ್ಸೆಸ್ಸೆಲ್ಸಿ ಫೇಲು. ಆದರೆ ಅವನು ಮಾಡಿದ್ದನ್ನ ನೋಡಿ. ಅನುಮಾನ ಪಟ್ಟ, ಅದಲು ಬದಲು ಮಾಡಿದ, ಸಾಕ್ಷಿ ಸಿಕ್ಕಮೇಲೆ ತೀರ್ಮಾನ ಹೇಳಿದ. ವಿಜ್ಞಾನ ಅನ್ನೋದು ಇದಕ್ಕೇ. ಅವನಿಗೆ ಕೊರತೆ ಇದ್ದದ್ದು ತಲೆಯದ್ದಲ್ಲ, 1,100 ರೂಪಾಯಿಯದ್ದು.

ಇನ್ನೊಂದು ವಿಷಯ. ಈ ಸಾಕೆಟ್ಟು ಕಂಪನಿಗಳು ಪ್ರೀತಿಯಿಂದ ಕೊಟ್ಟ ಉಡುಗೊರೆ ಅಲ್ಲ. ಹೊಗೆಯಿಂದ ಜನ ಕೆಮ್ಮಿ ಕೆಮ್ಮಿ ಸಾಕಾಗಿ, ಅಮೆರಿಕದ ಕ್ಯಾಲಿಫೋರ್ನಿಯಾದ ಗಾಳಿ ಮಂಡಳಿ ಮೊದಲು ಹಟ ಹಿಡೀತು. ಆಮೇಲೆ 1996ರ ಮಾಡೆಲ್‌ನಿಂದ ಆ ದೇಶದಲ್ಲಿ ಮಾರೋ ಎಲ್ಲಾ ಕಾರಿಗೂ ಒಂದೇ ಆಕಾರದ ಸಾಕೆಟ್, ಒಂದೇ ಪದ್ಧತಿಯ ಕೋಡ್ ಕಡ್ಡಾಯ ಆಯ್ತು. ನಮ್ಮಲ್ಲಿ ಭಾರತ್ ಸ್ಟೇಜ್ 4ರ ಜೊತೆ 2010ರಲ್ಲಿ ಓಬಿಡಿಯ ಮೊದಲ ಹಂತ, 2013ರಲ್ಲಿ ಎರಡನೇ ಹಂತ ಬಂತು. 2020ರ ಏಪ್ರಿಲ್‌ನಿಂದ ಬಿಎಸ್6. ಅಂದ್ರೆ ಇದು ಸಾರ್ವಜನಿಕರ ಗಾಳಿಗೋಸ್ಕರ ಕಾನೂನು ತೆರೆಸಿದ ಬಾಗಿಲು. ಈಗ ಅದೇ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತು ಪಾಸ್ ಕೇಳೋದಕ್ಕೆ ಇವರು ಯಾರು?

1923ರಲ್ಲಿ ಬಾಂಬೆ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಚೌದಾರ್ ಕೆರೆ ಮುಕ್ತ ಅಂತ ಹೇಳಿತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಬೇಕಾಯ್ತು. ನೀರೂ ಕಾರೂ ಒಂದೇ ಅಂತ ನಾನು ಹೇಳ್ತಿಲ್ಲ. ಆ ಅವಮಾನಕ್ಕೆ ಯಾವುದೂ ಸಮ ಅಲ್ಲ. ನಾನು ಹೇಳೋದು ಇಷ್ಟು: ಕಾಗದದ ಮೇಲೆ ಮುಕ್ತ ಅಂತ ಇದ್ದರೆ ಸಾಲದು, ಹೋಗಿ ಕೈ ಹಾಕೋವರೆಗೂ ಹಕ್ಕು ಹಕ್ಕಾಗಲ್ಲ ಅನ್ನೋದನ್ನ ಮಹಾಡ್ ನಮಗೆ ಕಲಿಸಿದೆ. ಈ ಪಾಠ ಬರೀ ಕೆರೆಗಲ್ಲ.

ಈಗ ನಮ್ಮವರ ಮಾತಿಗೆ ಬರ್ತೀನಿ. ಏಪ್ರಿಲ್ 14ರ ಜಯಂತಿ ಪೂರ್ವಭಾವಿ ಸಭೆಯಲ್ಲಿ ನಾನು ಒಂದು ಪ್ರಸ್ತಾಪ ಇಟ್ಟೆ. ಫ್ಲೆಕ್ಸು, ಡಿಜೆಗೆ ಇಟ್ಟಿರೋ ದುಡ್ಡಲ್ಲಿ ಒಂದು ಪಾಲು ತೆಗೆದು ನಾಲ್ಕು ರೀಡರು, ಒಂದು ಹಳೇ ಲ್ಯಾಪ್‌ಟಾಪ್ ತಗೊಳ್ಳೋಣ, ಗ್ಯಾರೇಜ್ ಹುಡುಗರಿಗೆ, ಟ್ಯಾಕ್ಸಿ ಓಡಿಸೋರಿಗೆ ಭಾನುವಾರ ಭಾನುವಾರ ಸಮುದಾಯ ಭವನದಲ್ಲಿ ಕಲಿಸೋಣ ಅಂದೆ. ಕೆಲವರು ನಕ್ಕರು. ನಗಲಿ. ಅವರ ಆಕ್ಷೇಪಣೆಗಳಿಗೆ ಒಂದೊಂದಾಗಿ ಉತ್ತರ ಇಲ್ಲಿದೆ.

"ಕಾರು ನಮ್ಮ ಜನರ ವಿಷಯ ಅಲ್ಲ." ಹಾಗಾದರೆ ನಿಗಮದ ಸಬ್ಸಿಡಿಗೆ ಅರ್ಜಿ ಹಾಕಿ ಟ್ಯಾಕ್ಸಿ, ಗೂಡ್ಸ್ ಗಾಡಿ ತಗೊಂಡ ಹುಡುಗರು ಯಾರ ಮಕ್ಕಳು? ಪಂಚಾಯ್ತಿ ಕಸದ ಗಾಡಿ ಓಡಿಸೋರು ಯಾರು? ಬಿಎಸ್6 ಬೈಕುಗಳಲ್ಲೂ ಓಬಿಡಿ ಬಂದಿದೆ. ಪ್ಲಗ್ಗು ಬೇರೆ ಆಕಾರ, ಅಡಾಪ್ಟರ್ ಕೇಬಲ್ ಬೇಕು, ಅಷ್ಟೇ. ಕಾರು ಇಟ್ಟಿರೋನಿಗಿಂತ ಕಾರಿಂದ ಹೊಟ್ಟೆ ಹೊರೆಯೋನಿಗೆ ಇದು ಜಾಸ್ತಿ ಬೇಕು. ಶೋಕಿಗೆ ಕಾರು ಇಟ್ಟಿರೋನಿಗೆ ನಾಲ್ಕು ದಿನ ಗಾಡಿ ನಿಂತರೆ ಬೇಜಾರು. ಟ್ಯಾಕ್ಸಿ ಓಡಿಸೋನಿಗೆ ನಾಲ್ಕು ದಿನ ನಿಂತರೆ ಇಎಂಐ ತಪ್ಪುತ್ತೆ, ಆಮೇಲೆ ಸೀಜಿಂಗ್‌ನೋರು ಮನೆ ಮುಂದೆ ಬರ್ತಾರೆ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರಂತೂ ಇದನ್ನ ತಿಳಿಯಲೇಬೇಕು. ಮಾರೋನು ಬೆಳಗ್ಗೆ ಕೋಡ್ ಅಳಿಸಿ, ದೀಪ ಆರಿಸಿ, ಮಧ್ಯಾಹ್ನ ಗಾಡಿ ತೋರಿಸ್ತಾನೆ. ಆದರೆ ಕೋಡ್ ಅಳಿಸಿದಾಗ ಇಸಿಯು ಒಳಗಿನ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತೆ. ರೀಡರಲ್ಲಿ ನೋಡಿದರೆ ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ತೋರಿಸುತ್ತೆ. ಬಹಳ ಗಾಡಿಗಳಲ್ಲಿ ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅಂತಲೂ ಬರುತ್ತೆ. ಅಲ್ಲಿ 9 ಕಿಮೀ ಅಂತ ಇದ್ದರೆ ಅಡ್ವಾನ್ಸ್ ದುಡ್ಡು ಜೇಬಲ್ಲೇ ಇರಲಿ, ಕೈಮುಗಿದು ವಾಪಸ್ ಬನ್ನಿ.

"ನಮ್ಮ ಮಕ್ಕಳು ಗ್ರೀಸ್ ಕೆಲಸದಿಂದ ಹೊರಗೆ ಬರಬೇಕು, ನೀನು ಮತ್ತೆ ಅಲ್ಲಿಗೇ ತಳ್ತೀಯಾ?" ಈ ಮಾತಿಗೆ ನನ್ನ ಗೌರವ ಇದೆ. ಓದೋರು ಓದಲಿ, ಐಎಎಸ್ಸೇ ಆಗಲಿ. ಆದರೆ ಇವತ್ತು ಗ್ಯಾರೇಜಲ್ಲಿ ಇರೋ ಹುಡುಗನಿಗೆ ನಿಮ್ಮ ಉತ್ತರ ಏನು? ಅವನು ಮೂವತ್ತು ವರ್ಷ ಕೆಳಗೇ ಮಲಗಿರಬೇಕಾ? ಕೆಲಸ ಕೀಳಲ್ಲ. ಕೆಲಸದಿಂದ ಜ್ಞಾನವನ್ನ ಬೇರೆ ಮಾಡಿ, ಜ್ಞಾನ ಒಬ್ಬನಿಗೆ, ಬೆವರು ಒಬ್ಬನಿಗೆ ಅಂತ ಹಂಚಿದ್ದು ಕೀಳು. ರೋಗ ಪತ್ತೆ ಮಾಡೋದೂ ರಿಪೇರಿ ಮಾಡೋದೂ ಒಬ್ಬನೇ ಕಲಿತ ದಿನ ಅವನು ಕೂಲಿಯವನಲ್ಲ, ಮೇಸ್ತ್ರಿ.

"ಅದಕ್ಕೆಲ್ಲಾ ಸರ್ಕಾರದ ಸ್ಕೀಮ್ ಇದೆಯಲ್ಲ." ಇದೆ, ನೋಡೋಣ ಬನ್ನಿ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡ್ತು. 18 ಕಸುಬಿಗೆ 15 ಸಾವಿರ ರೂಪಾಯಿಯ ಟೂಲ್‌ಕಿಟ್. ಪಟ್ಟಿ ಓದಿ. ಚಪ್ಪಲಿ ಹೊಲಿಯೋರು ಇದ್ದಾರೆ, ಬುಟ್ಟಿ ಪೊರಕೆ ಕಟ್ಟೋರು ಇದ್ದಾರೆ, ಬಟ್ಟೆ ಒಗೆಯೋರು, ಕ್ಷೌರ ಮಾಡೋರು ಇದ್ದಾರೆ. ಕಾರ್ ಮೆಕ್ಯಾನಿಕ್ ಇಲ್ಲ. ಅಪ್ಪ ಮಾಡಿದ್ದನ್ನೇ ಮಗ ಮಾಡಲಿ ಅಂದ್ರೆ ದುಡ್ಡು ಇದೆ. ಅಪ್ಪ ಮುಟ್ಟದೇ ಇದ್ದದ್ದನ್ನ ಮಗ ಮುಟ್ಟೋಕೆ ಹೋದರೆ ಕಾಲಂ ಇಲ್ಲ. ಆ ಕಸುಬುಗಳನ್ನ ಮಾಡ್ತಿರೋರಿಗೆ ಸಹಾಯ ಬೇಡ ಅಂತ ನಾನು ಹೇಳಲ್ಲ. ಆದರೆ 15 ಸಾವಿರದ ಟೂಲ್‌ಕಿಟ್ಟಲ್ಲಿ ಪೊರಕೆಗೆ ಜಾಗ ಇದ್ದು ಸ್ಕ್ಯಾನರಿಗೆ ಇಲ್ಲ ಅಂದ್ರೆ ಆ ಪಟ್ಟಿ ಬರೆದ ಪೆನ್ನು ಯಾವುದು ಅಂತ ನಾವು ಕೇಳಲೇಬೇಕು.

ನಾನು ನೋಡಿದ ಒಂದು ತರಬೇತಿ ಸಂಸ್ಥೆಯಲ್ಲಿ ಸ್ಕ್ಯಾನರ್ ಇದೆ. ಗೋದ್ರೇಜ್ ಬೀರುವಿನಲ್ಲಿ ಇದೆ. ಬೀಗದ ಕೈ ಎಲ್ಲಿ ಅಂದ್ರೆ "ಹುಡುಗರು ಹಾಳು ಮಾಡ್ತಾರೆ ಸಾರ್" ಅಂದರು. ದಾಸ್ತಾನು ವಹಿಯಲ್ಲಿ ಅದರ ಹೆಸರು ಭದ್ರವಾಗಿದೆ. ಮುಟ್ಟಿದರೆ ಹಾಳಾಗುತ್ತೆ! ಈ ವಾಕ್ಯ ನಮ್ಮ ಕಿವಿಗೆ ಇನ್ನೂ ಯಾವ್ಯಾವ ಕಡೆಯಿಂದ ಬಿದ್ದಿದೆ ಅಂತ ನೆನಪು ಮಾಡ್ಕೊಳ್ಳಿ.

"ಸಾವಿರ ರೂಪಾಯಿ ಆಟಿಕೆಯಿಂದ ಏನಾಗುತ್ತೆ, ಕಂಪನಿ ಮಿಷನ್ನೇ ಬೇಕು." ಅರ್ಧ ನಿಜ. ಅಗ್ಗದ ರೀಡರಿನ ಒಳಗೆ ಸಾಮಾನ್ಯವಾಗಿ ಇರೋದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಇಎಲ್‌ಎಂ327 ಚಿಪ್ಪಿನ ನಕಲು. ಕೆಲವು ಚೆನ್ನಾಗಿ ಕೆಲಸ ಮಾಡ್ತವೆ, ಕೆಲವು ಅರ್ಧಕ್ಕೇ ಕೈಕೊಡ್ತವೆ. ಇಂಜಿನ್ನಿನ ಸಾಮಾನ್ಯ ಕೋಡು, ಲೈವ್ ಡೇಟಾ ಸಿಗುತ್ತೆ. ಎಬಿಎಸ್, ಏರ್‌ಬ್ಯಾಗು, ಹೊಸ ಕೀ ಹೊಂದಿಸೋದು, ಕಂಪನಿಯದ್ದೇ ಕೋಡುಗಳು ಇದರಲ್ಲಿ ಬಹಳ ಮಟ್ಟಿಗೆ ಸಿಗಲ್ಲ. ಲಾರಿ, ಬಸ್ಸಿನ 24 ವೋಲ್ಟಿಗೆ ಇದನ್ನ ಸಿಕ್ಕಿಸಲೇಬಾರದು. ಕೋಡ್ ಅಂದ್ರೆ ತೀರ್ಪಲ್ಲ, ದೂರು ಅಷ್ಟೇ ಅನ್ನೋದನ್ನೂ ಮೊದಲ ದಿನವೇ ಕಲಿಸಬೇಕು. ಆಮ್ಲಜನಕ ಸೆನ್ಸರಿನ ಕೋಡ್ ಬಂತು ಅಂತ ಸೆನ್ಸರನ್ನೇ ಬದಲಾಯಿಸೋನು ಮೆಕ್ಯಾನಿಕ್ ಅಲ್ಲ. ವೈರ್ ತುಂಡಾಗಿರಬಹುದು, ಸೈಲೆನ್ಸರ್ ಪೈಪ್ ಸೋರ್ತಿರಬಹುದು. ದೂರು ಕೊಟ್ಟೋನನ್ನೇ ಜೈಲಿಗೆ ಹಾಕೋ ಪೊಲೀಸರ ಹಾಗೆ ಆಗಬಾರದು ನಾವು. ದೀಪ ಆರಿಸಿ ದುಡ್ಡು ಕೀಳೋ ಮೆಕ್ಯಾನಿಕ್ಕುಗಳು ನಮ್ಮಲ್ಲೂ ಇದ್ದಾರೆ. ಅವರನ್ನ ಹಿಡಿಯೋದಕ್ಕೂ ಗಿರಾಕಿಗೆ ಓದೋಕೆ ಬರಬೇಕು.

ಉಳಿದ ಅರ್ಧ, ಅಂದ್ರೆ ಬೀಗ ಹಾಕಿಟ್ಟಿರೋ ಭಾಗ, ಅದಕ್ಕೆ ಹೋರಾಟವೇ ದಾರಿ. ಆ ಹೋರಾಟ ಆಗಲೇ ಶುರುವಾಗಿದೆ, ನಾವೇ ಅದರಲ್ಲಿ ಇಲ್ಲ. 2011ರಲ್ಲಿ ಒಬ್ಬ ಗ್ರಾಹಕ ಕೊಟ್ಟ ದೂರಿನಿಂದ ಶುರುವಾಗಿ, 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕ್ತು. ಯಾಕೆ? ಅಸಲಿ ಬಿಡಿಭಾಗ, ರಿಪೇರಿ ಕೈಪಿಡಿ, ರೋಗ ಪತ್ತೆ ಮಾಡೋ ಉಪಕರಣ ಇವನ್ನೆಲ್ಲಾ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಇವು ಮುಕ್ತ ಮಾರುಕಟ್ಟೆಯಲ್ಲಿ ಸಿಗಬೇಕು ಅಂತ ಆಯೋಗ ಆದೇಶ ಮಾಡ್ತು. ಕಂಪನಿಗಳು ಮೇಲ್ಮನವಿ, ಕೋರ್ಟು ಅಂತ ಹೋದವು. ಅವರಿಗೆ ವಕೀಲರಿದ್ದಾರೆ. ಗೋಣಿಚೀಲದ ಮೇಲೆ ಮಲಗಿರೋ ಹುಡುಗನಿಗೆ ಯಾರಿದ್ದಾರೆ? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ವಾಹನಗಳನ್ನೂ ಸೇರಿಸಿತು, ಡಿಸೆಂಬರಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ಲಿಂದ ಯಾರ ಬೀಗವೂ ಬಿಚ್ಚಲ್ಲ. ಕಾನೂನು ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲೇ ಈ ಹಕ್ಕಿಗೆ ಕಾನೂನು ಬಂತು. ಕಾರು ತನ್ನ ಮಾಹಿತಿಯನ್ನ ವೈರಿಲ್ಲದೆ ಸೀದಾ ಕಂಪನಿಗೆ ಕಳಿಸೋ ಕಾಲ ಬಂದಾಗ, 2020ರಲ್ಲಿ ಅಲ್ಲಿನ ಮತದಾರರು ಸುಮಾರು ಮುಕ್ಕಾಲು ಪಾಲು ಜನ ವೋಟು ಹಾಕಿ ಆ ಮಾಹಿತಿಯೂ ಗಾಡಿ ಯಜಮಾನನಿಗೆ ಸಿಗಬೇಕು ಅಂದರು. ನಾಳೆ ನಮ್ಮ ಗಾಡಿಗಳೂ ಹಾಗೇ ಆಗ್ತವೆ. ಸಾಕೆಟ್ ಇರೋವಾಗಲೇ ಓದೋದು ಕಲಿಯದೇ ಇದ್ದರೆ ಸಾಕೆಟ್ಟೇ ಇಲ್ಲದ ದಿನ ಏನು ಮಾಡ್ತೀರಿ?

ಹಾಗಾಗಿ ನನ್ನ ಬೇಡಿಕೆಗಳು ಇವು. ನಮ್ಮ ಸಂಘಟನೆಗಳ ಮುಂದೆಯೂ, ಸರ್ಕಾರದ ಮುಂದೆಯೂ.

ಒಂದು. ಸ್ಕ್ಯಾನ್‌ಗೆ ದುಡ್ಡು ತಗೊಂಡ ಯಾವ ಸರ್ವಿಸ್ ಸೆಂಟರೇ ಆಗಲಿ, ಕೋಡ್ ಮತ್ತು ಫ್ರೀಜ್ ಫ್ರೇಮನ್ನ ಬಿಲ್ಲಿನ ಜೊತೆ ಪ್ರಿಂಟ್ ಹಾಕಿ ಕೊಡಲೇಬೇಕು. ಕೊಡಲ್ಲ ಅಂದ್ರೆ "ಕೊಡಲ್ಲ ಅಂತ ಲಿಖಿತವಾಗಿ ಹಿಂಬರಹ ಕೊಡಿ" ಅಂತ ಕೇಳಿ. ಗುಮಾಸ್ತನಾಗಿ ಹೇಳ್ತೀನಿ, ಹಿಂಬರಹ ಅಂದ ತಕ್ಷಣ ಎದುರಿಗಿರೋರ ದನಿ ಬದಲಾಗುತ್ತೆ.

ಎರಡು. 2013ರ ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆಯ ಹಣ ನಮ್ಮದು. ವರ್ಷಾ ವರ್ಷಾ ಬೇರೆ ಕಡೆ ಹರಿದು ಹೋಗ್ತಿರೋ ಆ ಹಣದಲ್ಲಿ ಗ್ಯಾರೇಜ್ ಹುಡುಗರಿಗೆ ಸರಿಯಾದ ಸ್ಕ್ಯಾನರು, ಲ್ಯಾಪ್‌ಟಾಪು, ಕನ್ನಡದಲ್ಲಿ ಕೋಡ್ ಪುಸ್ತಕ ಕೊಡಿ. ವಾಹನ ಸಬ್ಸಿಡಿ ಕೊಡೋವಾಗ ಗಾಡಿ ಜೊತೆಗೆ ಒಂದು ರೀಡರನ್ನೂ ಎರಡು ದಿನದ ತರಬೇತಿಯನ್ನೂ ಸೇರಿಸಿ.

ಮೂರು. ತರಬೇತಿ ಸಂಸ್ಥೆಗಳ ಬೀರು ತೆಗೆಸಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಎಷ್ಟು ಸ್ಕ್ಯಾನರ್ ಖರೀದಿ ಆಗಿದೆ, ಎಷ್ಟು ವಿದ್ಯಾರ್ಥಿಗಳು ಮುಟ್ಟಿದ್ದಾರೆ ಅಂತ ಕೇಳಿ. ಅರ್ಜಿ ನಮೂನೆ ಬೇಕಾದೋರಿಗೆ ನಾನೇ ಬರೆದುಕೊಡ್ತೀನಿ.

ನಾಲ್ಕು. ಇದು ಯಾರನ್ನೂ ಕಾಯಬೇಕಾಗಿಲ್ಲ. ನಿಮ್ಮ ಊರಿನ ಅಂಬೇಡ್ಕರ್ ಭವನಕ್ಕೆ ಒಂದು ರೀಡರ್ ತಂದಿಡಿ. ಪುಸ್ತಕ ಎರವಲು ಕೊಡೋ ಹಾಗೆ ವಹಿಯಲ್ಲಿ ಬರೆಸಿಕೊಂಡು ಕೊಡಿ. ಮೊದಲ ಭಾನುವಾರ ಸಾಕೆಟ್ ಎಲ್ಲಿದೆ ಅಂತ ತೋರಿಸಿ, ಎರಡನೇ ಭಾನುವಾರ ಕೋಡ್ ಓದಿಸಿ, ಮೂರನೇ ಭಾನುವಾರ ಲೈವ್ ಡೇಟಾ ನೋಡಿಸಿ. ಓಡಿಸ್ತಾ ಓಡಿಸ್ತಾ ಮೊಬೈಲ್ ನೋಡಬೇಡಿ, ಪಕ್ಕದಲ್ಲಿ ಕೂತೋನು ನೋಡಲಿ. ಕೆಲಸ ಆದಮೇಲೆ ರೀಡರ್ ಕಿತ್ತು ಇಡಿ, ಬಿಟ್ಟರೆ ಬ್ಯಾಟರಿ ಇಳಿಯುತ್ತೆ. ಹೆಣ್ಣುಮಕ್ಕಳನ್ನೂ ಕರೀರಿ. ಆಟೋ, ಟ್ಯಾಕ್ಸಿ ಓಡಿಸೋ ನಮ್ಮ ಅಕ್ಕತಂಗಿಯರಿಗೆ ಗ್ಯಾರೇಜಲ್ಲಿ ಬೀಳೋ ಟೋಪಿ ಇನ್ನೂ ದೊಡ್ಡದು.

ನಮ್ಮ ಹಿರಿಯರಿಗೆ ಅಕ್ಷರ ಕೊಡಬಾರದು ಅಂದರು, ನಾವು ಕಿತ್ತುಕೊಂಡು ಕಲಿತೆವು. ಈಗ ಅಕ್ಷರ ಬೇರೆ ರೂಪದಲ್ಲಿ, ಸ್ಟೇರಿಂಗಿನ ಕೆಳಗೆ, 16 ಪಿನ್ನಿನ ಒಳಗೆ ಕೂತಿದೆ. "ನಿಮಗೆ ಅರ್ಥ ಆಗಲ್ಲ" ಅನ್ನೋರಿಗೆ ಜಗಳದಲ್ಲಿ ಅಲ್ಲ, ಕೋಡ್ ಓದಿ ಉತ್ತರ ಕೊಡೋಣ.

ಗ್ಯಾರೇಜಲ್ಲಿ ಕೆಲಸ ಮಾಡೋ, ಗಾಡಿ ಓಡಿಸೋ ಒಬ್ಬರಿಗಾದರೂ ಇದನ್ನ ಇವತ್ತೇ ಓದಿ ಹೇಳಿ. ಓದೋಕೆ ಬರದವರಿಗೆ ನೀವೇ ಓದಿ ಕೇಳಿಸಿ.

ಜೈ ಭೀಮ್.